ಏಳೂವರೆ ನಿಮಿಷದ ಲೆಕ್ಕ: ಜ್ಯೂರಿಕ್ ನಗರದ ಟ್ರಾಮ್ ಸಂಚಾರ, ವೇಳಾಪಟ್ಟಿ ಮತ್ತು ನಿಲ್ದಾಣಗಳು

ವ್ಯಾಪಾರದಲ್ಲಿ ತೊಡಗಿಸಿದ ಹಣವು ಸರಕಾಗಿ, ಸರಕು ಉದ್ರಿಯಾಗಿ, ಉದ್ರಿಯು ವಸೂಲಾಗಿ ಮರಳಿ ಗಲ್ಲಾಪೆಟ್ಟಿಗೆಗೆ ಬರುವವರೆಗಿನ ಕಾಲವನ್ನು ನಾವು ವಹಿವಾಟಿನ ಸುತ್ತು ಎಂದು ಕರೆಯುತ್ತೇವೆ. ಈ ಸುತ್ತು ಎಷ್ಟು ಬೇಗ ಪೂರೈಸುತ್ತದೆಯೋ ಅಷ್ಟು ಕಡಿಮೆ ಬಂಡವಾಳದಲ್ಲಿ ಅಷ್ಟೇ ವ್ಯಾಪಾರವನ್ನು ನಡೆಸಬಹುದು ಎಂಬುದು ನಮ್ಮ ಸದಸ್ಯ ಬಾಂಧವರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ನಗರ ಸಾರಿಗೆಯೂ ಇದೇ ನಿಯಮಕ್ಕೆ ಒಳಪಟ್ಟಿದೆ ಎಂಬುದು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹೊಸ ಗಾಡಿಗಳನ್ನು ಕೊಳ್ಳುವುದು, ಹೊಸ ಮಾರ್ಗಗಳನ್ನು ನಿರ್ಮಿಸುವುದು ಇವೇ ಸಾರಿಗೆಯ ಸುಧಾರಣೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇರುವ ಗಾಡಿಗಳನ್ನೇ ಬೇಗ ಸುತ್ತಿಸುವುದರಿಂದ ಎಷ್ಟು ಸಾಧಿಸಬಹುದೆಂಬುದಕ್ಕೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಟ್ರಾಮ್ ವ್ಯವಸ್ಥೆಯು ಉತ್ತಮ ನಿದರ್ಶನವಾಗಿದೆ. ಆ ವ್ಯವಸ್ಥೆಯ ವೇಳಾಪಟ್ಟಿ, ನಿಲ್ದಾಣ ಮತ್ತು ವೆಚ್ಚ ಹಂಚಿಕೆಯ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಟ್ರಾಮ್ ಎಂದರೆ ರಸ್ತೆಯ ಮಟ್ಟದಲ್ಲೇ ಹುದುಗಿಸಿದ ಹಳಿಗಳ ಮೇಲೆ ವಿದ್ಯುಚ್ಛಕ್ತಿಯಿಂದ ಓಡುವ ಗಾಡಿ. ನಮ್ಮ ದೇಶದಲ್ಲಿ ಕೋಲ್ಕತ್ತದಲ್ಲಿ 1873ರಲ್ಲಿ ಕುದುರೆ ಎಳೆಯುವ ಟ್ರಾಮ್, 1902ರಲ್ಲಿ ವಿದ್ಯುತ್ ಟ್ರಾಮ್ ಆರಂಭವಾದವು. ಕಾನ್ಪುರದಲ್ಲಿ 1933ರಲ್ಲಿ, ಚೆನ್ನೈಯಲ್ಲಿ 1953ರಲ್ಲಿ, ದೆಹಲಿಯಲ್ಲಿ 1963ರಲ್ಲಿ ಮತ್ತು ಮುಂಬಯಿಯಲ್ಲಿ 1964ರಲ್ಲಿ ಟ್ರಾಮ್‌ಗಳು ನಿಂತುಹೋದವು. ಯೂರೋಪ್ ಮತ್ತು ಅಮೆರಿಕಗಳ ಅನೇಕ ನಗರಗಳೂ ಇದೇ ಅವಧಿಯಲ್ಲಿ ಹಳಿಗಳನ್ನು ಕಿತ್ತುಹಾಕಿದವು. ಜ್ಯೂರಿಕ್ ನಗರವು ಹಾಗೆ ಮಾಡಲಿಲ್ಲ. ಅಲ್ಲಿ 1882ರಲ್ಲಿ ಕುದುರೆ ಟ್ರಾಮ್, 1894ರಲ್ಲಿ ವಿದ್ಯುತ್ ಟ್ರಾಮ್ ಬಂದಿತು. 1896ರಿಂದ ನಗರಾಡಳಿತವೇ ಟ್ರಾಮ್ ನಡೆಸತೊಡಗಿತು. ಇಂದಿಗೂ ನಾಲ್ಕು ಲಕ್ಷಕ್ಕಿಂತ ತುಸು ಹೆಚ್ಚು ಜನಸಂಖ್ಯೆಯಿರುವ ಆ ನಗರದ ಮುಖ್ಯ ಸಾರಿಗೆ ಸಾಧನ ಟ್ರಾಮ್ ಆಗಿದೆ.

ಮತದಾರರ ಮೂರು ತೀರ್ಪುಗಳು

ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ವೆಚ್ಚಗಳಿಗೆ ಜನರ ನೇರ ಮತದ ಒಪ್ಪಿಗೆ ಬೇಕಾಗುತ್ತದೆ. ಯುದ್ಧಾನಂತರ ಮೋಟಾರು ವಾಹನಗಳು ಹೆಚ್ಚಿದಾಗ ಜ್ಯೂರಿಕ್ಕಿನ ರಸ್ತೆಗಳಲ್ಲಿಯೂ ಟ್ರಾಮ್‌ಗಳು ದಟ್ಟಣೆಯಲ್ಲಿ ಸಿಲುಕತೊಡಗಿದವು. ನಗರದ ಮಧ್ಯಭಾಗದಲ್ಲಿ ಟ್ರಾಮ್‌ಗಳನ್ನು ನೆಲದಡಿಗೆ ಇಳಿಸುವ ಯೋಜನೆಯನ್ನು ಆಡಳಿತವು ಮುಂದಿಟ್ಟಿತು. 1962ರಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ಮುಂದೆ ಸುರಂಗ ರೈಲು ಮತ್ತು ಉಪನಗರ ರೈಲುಗಳನ್ನು ಒಳಗೊಂಡ ಬೃಹತ್ ಯೋಜನೆ ಸಿದ್ಧವಾಯಿತು. 1973ರಲ್ಲಿ ಅದೂ ತಿರಸ್ಕೃತವಾಯಿತು. ವೆಚ್ಚದ ಭಯದ ಜೊತೆಗೆ ನಗರವು ಅಂಕೆಮೀರಿ ಬೆಳೆದೀತೆಂಬ ಆತಂಕವೂ ಇದಕ್ಕೆ ಕಾರಣವಾಗಿತ್ತು.

ಮೂರನೆಯ ತೀರ್ಪು 1977ರಲ್ಲಿ ಬಂದಿತು. ರಸ್ತೆಯ ಮೇಲೆ ಈಗಾಗಲೇ ಓಡುತ್ತಿರುವ ಟ್ರಾಮ್ ಮತ್ತು ಬಸ್ಸುಗಳಿಗೆ ಅಡ್ಡಿಯಾಗುತ್ತಿರುವ ತೊಡಕುಗಳನ್ನು ನಿವಾರಿಸಲು 20 ಕೋಟಿ ಫ್ರಾಂಕ್‌ಗಳನ್ನು ಮೀಸಲಿಡಬೇಕೆಂದು ನಾಗರಿಕರೇ ಒಂದು ಪ್ರಸ್ತಾವವನ್ನು ಮುಂದಿಟ್ಟರು. ಮತದಾರರು ಅದನ್ನು ಅಂಗೀಕರಿಸಿದರು. ಎರಡು ದೊಡ್ಡ ಬಂಡವಾಳ ಯೋಜನೆಗಳನ್ನು ಬೇಡವೆಂದ ಜನರೇ ಇರುವ ಆಸ್ತಿಯ ದಕ್ಷತೆಯನ್ನು ಹೆಚ್ಚಿಸಲು ಹಣ ಕೊಟ್ಟರೆಂಬುದು ಗಮನಾರ್ಹ.

ಸುರಂಗ ರೈಲಿಗೆಂದು ಮೊದಲೇ ಕೈಗೊಂಡಿದ್ದ ಒಂದು ಭಾಗವೂ ವ್ಯರ್ಥವಾಗಲಿಲ್ಲ. ಮಿಲ್ಶ್‌ಬುಕ್‌ನಿಂದ ಶ್ವಾಮೆಂಡಿಂಗನ್‌ವರೆಗಿನ ಆ ಸುರಂಗದಲ್ಲಿ 1986ರಿಂದ ಟ್ರಾಮ್‌ಗಳು ಓಡುತ್ತಿವೆ. ಅಲ್ಲಿಯ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಎರಡು ಹಳಿಗಳ ನಡುವೆ ಇದೆ. ಟ್ರಾಮ್ ಗಾಡಿಗಳಿಗೋ ಬಲಬದಿಯಲ್ಲಿ ಮಾತ್ರ ಬಾಗಿಲುಗಳಿವೆ. ಆದ್ದರಿಂದ ಬಲಬದಿಯ ಸಂಚಾರವಿರುವ ಆ ದೇಶದಲ್ಲಿ ಈ ಸುರಂಗದೊಳಗೆ ಮಾತ್ರ ಟ್ರಾಮ್‌ಗಳು ಎಡಬದಿಯಲ್ಲಿ ಓಡುವಂತೆ ವ್ಯವಸ್ಥೆ ಮಾಡಲಾಗಿದೆ.

ಒಂದು ಸುತ್ತಿನ ಲೆಕ್ಕ

ತೊಡಕುಗಳನ್ನು ನಿವಾರಿಸಲು ಅಷ್ಟು ಹಣ ತೊಡಗಿಸುವುದು ಲಾಭದಾಯಕವೇ ಎಂಬ ಪ್ರಶ್ನೆ ಸಹಜ. ಒಂದು ಕಾಲ್ಪನಿಕ ಮಾರ್ಗವನ್ನು ತೆಗೆದುಕೊಂಡು ಪರಿಶೀಲಿಸೋಣ.

ಮಾರ್ಗದ ಉದ್ದ 9 ಕಿಲೋಮೀಟರ್, ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿಯುವ ಕಾಲ 36 ನಿಮಿಷ ಎಂದಿಟ್ಟುಕೊಳ್ಳೋಣ. ಪ್ರತಿ ತುದಿಯಲ್ಲಿ 9 ನಿಮಿಷಗಳ ವಿರಾಮವಿರುತ್ತದೆ. ಚಾಲಕನ ವಿಶ್ರಾಂತಿಗೂ ದಾರಿಯಲ್ಲಿ ಆದ ವಿಳಂಬವನ್ನು ಸರಿದೂಗಿಸುವುದಕ್ಕೂ ಈ ವಿರಾಮ ಅವಶ್ಯಕ. ಹೀಗೆ ಹೊರಟ ಗಾಡಿಯು ಮತ್ತೆ ಹೊರಡುವ ಸ್ಥಿತಿಗೆ ಬರಲು 36ಕ್ಕೆ 9 ಕೂಡಿಸಿ ಇಮ್ಮಡಿಸಿದರೆ ಒಟ್ಟು 90 ನಿಮಿಷಗಳು ಬೇಕು. ಇದೇ ಸುತ್ತಿನ ಕಾಲ. ಪ್ರಯಾಣಿಕರಿಗೆ ಏಳೂವರೆ ನಿಮಿಷಕ್ಕೊಂದು ಗಾಡಿ ಒದಗಿಸಬೇಕಾದರೆ 90ನ್ನು ಏಳೂವರೆಯಿಂದ ಭಾಗಿಸಬೇಕು. ಬೇಕಾಗುವ ಗಾಡಿಗಳು 12.

ಈಗ ಈ ಮಾರ್ಗದಲ್ಲಿ 15 ಸಿಗ್ನಲ್‌ಗಳಿದ್ದು, ಪ್ರತಿಯೊಂದರಲ್ಲೂ ಗಾಡಿಯು ಕೇವಲ 15 ಸೆಕೆಂಡು ಹೆಚ್ಚಾಗಿ ನಿಲ್ಲುತ್ತದೆ ಎಂದು ಭಾವಿಸೋಣ. ಹದಿನೈದನ್ನು ಹದಿನೈದರಿಂದ ಗುಣಿಸಿದರೆ 225 ಸೆಕೆಂಡು, ಅಂದರೆ ಒಂದು ದಿಕ್ಕಿಗೆ 3 ನಿಮಿಷ 45 ಸೆಕೆಂಡು. ಹೋಗಿ ಬರುವುದಕ್ಕೆ ಸರಿಯಾಗಿ ಏಳೂವರೆ ನಿಮಿಷ. ಸುತ್ತಿನ ಕಾಲ 97.5 ನಿಮಿಷವಾಯಿತು, ಅದೇ ಸೇವೆಗೆ ಈಗ 13 ಗಾಡಿಗಳು ಬೇಕು. ಬೆಳಗಿನ ಐದರಿಂದ ನಡುರಾತ್ರಿಯವರೆಗೆ ಓಡುವ ಒಂದು ಗಾಡಿಗೆ ಪಾಳಿ, ವಾರದ ರಜೆ, ಹಬ್ಬದ ರಜೆಗಳನ್ನೆಲ್ಲ ಲೆಕ್ಕ ಹಾಕಿದರೆ ಕನಿಷ್ಠ ಮೂವರು ಚಾಲಕರು ಬೇಕಾಗುತ್ತಾರೆ. ಇಂತಹ ಹತ್ತು ಮಾರ್ಗಗಳಿದ್ದರೆ ಹತ್ತು ಗಾಡಿಗಳು, ಮೂವತ್ತು ಚಾಲಕರು, ಹತ್ತು ಗಾಡಿಗಳು ನಿಲ್ಲಲು ಡಿಪೋದಲ್ಲಿ ಜಾಗ, ಅವುಗಳ ಸವಕಳಿ, ವಿಮೆ, ದುರಸ್ತಿ ಇವೆಲ್ಲವೂ ಹೆಚ್ಚುವರಿ ವೆಚ್ಚ. ಈ ವೆಚ್ಚದಿಂದ ಒಬ್ಬ ಪ್ರಯಾಣಿಕನಿಗೂ ಹೆಚ್ಚಿನ ಸೌಲಭ್ಯ ದೊರೆಯುವುದಿಲ್ಲ. ಸಿಗ್ನಲ್ ಬಳಿ ನಿಲ್ಲುವುದಕ್ಕಾಗಿಯೇ ಅಷ್ಟೂ ಬಂಡವಾಳ ಹೂಡಿದಂತಾಯಿತು.

ನಮ್ಮ ವ್ಯಾಪಾರಕ್ಕೆ ಇದನ್ನು ಹೋಲಿಸಬಹುದು. ವರ್ಷಕ್ಕೆ 1 ಕೋಟಿ 20 ಲಕ್ಷ ರೂಪಾಯಿ ಮೌಲ್ಯದ ಸರಕು ತಿರುಗಿಸುವ ಅಂಗಡಿಯ ಸುತ್ತು 90 ದಿನಗಳಾದರೆ, ವರ್ಷಕ್ಕೆ 360 ದಿನಗಳ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ ದುಡಿಯುವ ಬಂಡವಾಳ ಬೇಕು. ವಸೂಲಿ ತಡವಾಗಿ ಸುತ್ತು 97.5 ದಿನಗಳಿಗೆ ಏರಿದರೆ ಬೇಕಾಗುವ ಹಣ 32.5 ಲಕ್ಷ. ಹೆಚ್ಚಿನ ಎರಡೂವರೆ ಲಕ್ಷಕ್ಕೆ ಬಡ್ಡಿ ತೆರಬೇಕೇ ಹೊರತು ಮಾರಾಟವು ಒಂದು ರೂಪಾಯಿಯಷ್ಟೂ ಹೆಚ್ಚುವುದಿಲ್ಲ.

ಹೆಚ್ಚುವರಿ ಗಾಡಿಯನ್ನು ಕೊಳ್ಳದೆ ನಿಭಾಯಿಸಲು ಎರಡು ಅಡ್ಡದಾರಿಗಳಿವೆ. ತುದಿಯಲ್ಲಿನ ವಿರಾಮವನ್ನು ಕಡಿತಗೊಳಿಸುವುದು ಮೊದಲನೆಯದು. ಆಗ ಒಂದು ಸುತ್ತಿನ ವಿಳಂಬವು ಮುಂದಿನ ಸುತ್ತಿಗೆ ದಾಟಿ, ಸಂಜೆಯ ವೇಳೆಗೆ ಇಡೀ ಮಾರ್ಗವೇ ಅಸ್ತವ್ಯಸ್ತವಾಗುತ್ತದೆ. ಗಾಡಿಗಳ ನಡುವಣ ಅಂತರವನ್ನು ಹಿಗ್ಗಿಸುವುದು ಎರಡನೆಯದು. 97.5ನ್ನು 12ರಿಂದ ಭಾಗಿಸಿದರೆ ಎಂಟು ನಿಮಿಷ ಏಳೂವರೆ ಸೆಕೆಂಡಿಗೊಂದು ಗಾಡಿ. ಪ್ರಯಾಣಿಕನಿಗೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚಿನ ಈ ವ್ಯತ್ಯಾಸ ದೊಡ್ಡದೇನಲ್ಲವೆಂದು ತೋರಬಹುದು. ಅದರಿಂದ ವೇಳಾಪಟ್ಟಿಯ ಕಟ್ಟೇ ಸಡಿಲವಾಗುತ್ತದೆಂಬುದನ್ನು ಮುಂದೆ ನೋಡಲಿದ್ದೇವೆ.

ಸೆಕೆಂಡುಗಳನ್ನು ಉಳಿಸುವ ಬಗೆ

1977ರ ನಿಧಿಯಿಂದ ಕೈಗೊಂಡ ಕಾಮಗಾರಿಗಳು ನೋಡಲು ಸಾಮಾನ್ಯವಾದವುಗಳೇ. ಸಾಧ್ಯವಿದ್ದೆಡೆಯಲ್ಲೆಲ್ಲ ಟ್ರಾಮಿನ ಹಳಿಪಥವನ್ನು ಇತರ ವಾಹನಗಳಿಂದ ಬೇರ್ಪಡಿಸಲಾಯಿತು. ಹಳಿಗೆ ಅಡ್ಡವಾಗಿ ಕಾರುಗಳು ತಿರುಗುವುದನ್ನೂ ಹಳಿಯ ಬದಿಯಲ್ಲಿ ವಾಹನ ನಿಲ್ಲಿಸುವುದನ್ನೂ ಹಲವೆಡೆ ನಿಷೇಧಿಸಲಾಯಿತು. ಸಿಗ್ನಲ್‌ಗಳನ್ನು ಗಣಕಯಂತ್ರದ ನಿಯಂತ್ರಣಕ್ಕೆ ತರಲಾಯಿತು.

ಸಿಗ್ನಲ್ ವ್ಯವಸ್ಥೆಯ ಕಾರ್ಯವಿಧಾನ ಹೀಗಿದೆ. ಕೂಡುರಸ್ತೆಗೆ ಸಾಕಷ್ಟು ಮುಂಚಿತವಾಗಿ ರಸ್ತೆಯಲ್ಲಿ ಹುದುಗಿಸಿದ ತಂತಿಯ ಸುರುಳಿಯು ಟ್ರಾಮ್ ದಾಟಿದ್ದನ್ನು ಗುರುತಿಸಿ ಸಿಗ್ನಲ್ ಯಂತ್ರಕ್ಕೆ ಸೂಚನೆ ಕೊಡುತ್ತದೆ. ಟ್ರಾಮ್ ಕೂಡುರಸ್ತೆಯನ್ನು ತಲುಪುವ ಹೊತ್ತಿಗೆ ಸರಿಯಾಗಿ ಹಸಿರು ದೀಪ ಹತ್ತುವಂತೆ ಯಂತ್ರವು ತನ್ನ ಸರದಿಯನ್ನು ಹೊಂದಿಸಿಕೊಳ್ಳುತ್ತದೆ. ಟ್ರಾಮ್ ದಾಟಿದ ಸೂಚನೆ ಬಂದೊಡನೆ ಹಸಿರು ದೀಪ ಇತರ ವಾಹನಗಳಿಗೆ ಮರಳುತ್ತದೆ. ಟ್ರಾಮ್‌ಗೆ ಬೇಕಾಗುವುದು ಕೆಲವೇ ಸೆಕೆಂಡುಗಳಾದ್ದರಿಂದ ಉಳಿದವರ ನಷ್ಟ ಅಲ್ಪ. ಇದರ ಜೊತೆಗೆ, ನಗರದ ಮಧ್ಯಭಾಗವು ತಾಳಿಕೊಳ್ಳಬಲ್ಲಷ್ಟೇ ಕಾರುಗಳನ್ನು ಒಳಬಿಡುವಂತೆ ಹೊರವಲಯದ ಸಿಗ್ನಲ್‌ಗಳನ್ನು ಹೊಂದಿಸಲಾಗಿದೆ. ಕಾರುಗಳ ಸಾಲು ಬೆಳೆಯುವುದಾದರೆ ಟ್ರಾಮ್‌ಗೆ ಅಡ್ಡಿಯಾಗದ ಕಡೆಯಲ್ಲಿ ಬೆಳೆಯಲಿ ಎಂಬುದು ಇದರ ಉದ್ದೇಶ.

ಎಲ್ಲ ಗಾಡಿಗಳ ಚಲನೆಯನ್ನು ಕೇಂದ್ರ ನಿಯಂತ್ರಣ ಕೊಠಡಿಯಿಂದ ಗಮನಿಸಲಾಗುತ್ತದೆ. ವೇಳಾಪಟ್ಟಿಗೆ ಹೋಲಿಸಿದರೆ ತಾನು ಎಷ್ಟು ಮುಂದೆ ಅಥವಾ ಎಷ್ಟು ಹಿಂದೆ ಇದ್ದೇನೆಂಬುದು ಚಾಲಕನ ಎದುರಿನ ಫಲಕದಲ್ಲಿ ಕಾಣುತ್ತದೆ. ಮುಂಚಿತವಾಗಿ ಹೊರಡುವುದು ತಡವಾಗಿ ಹೊರಡುವುದಕ್ಕಿಂತ ದೊಡ್ಡ ತಪ್ಪು ಎಂಬುದು ಇಂತಹ ಸೇವೆಗಳ ಮೂಲ ನಿಯಮ. ಎರಡು ನಿಮಿಷ ತಡವಾದರೆ ಪ್ರಯಾಣಿಕನು ಕಾಯಬೇಕಾದ್ದು ಎರಡೇ ನಿಮಿಷ. ಒಂದು ನಿಮಿಷ ಮುಂಚೆ ಹೊರಟರೆ ಸಮಯಕ್ಕೆ ಸರಿಯಾಗಿ ಬಂದವನು ಮುಂದಿನ ಗಾಡಿಯವರೆಗೆ ಕಾಯಬೇಕು.

ಇದಕ್ಕೆ ವಿರುದ್ಧವಾದ ಅನುಭವ ಕೋಲ್ಕತ್ತದ್ದು. ಅಲ್ಲಿ ಹಲವೆಡೆ ಟ್ರಾಮ್‌ಗೆ ಮೀಸಲಾಗಿದ್ದ ಹಳಿಪಥವನ್ನು ಕಾಂಕ್ರೀಟ್ ಹಾಕಿ ರಸ್ತೆಯೊಳಗೆ ಸೇರಿಸಲಾಯಿತು. ಟ್ರಾಮ್‌ಗಳು ಇತರ ವಾಹನಗಳ ಹಿಂದೆ ನಿಲ್ಲುವಂತಾಯಿತು. ಸುತ್ತು ನಿಧಾನವಾದಂತೆ ಗಾಡಿಗಳು ವಿರಳವಾಗುತ್ತವೆ. ಗಾಡಿಗಳು ವಿರಳವಾದಂತೆ ಪ್ರಯಾಣಿಕರು ಬಿಟ್ಟುಹೋಗುತ್ತಾರೆ. ಪ್ರಯಾಣಿಕರಿಲ್ಲವೆಂಬುದೇ ಮಾರ್ಗ ಮುಚ್ಚಲು ಕಾರಣವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಮೈದಾನ–ಎಸ್‌ಪ್ಲನೇಡ್ ಪಾರಂಪರಿಕ ಮಾರ್ಗವೊಂದನ್ನುಳಿದು ಮಿಕ್ಕವನ್ನು ನಿಲ್ಲಿಸುವ ತನ್ನ ನಿರ್ಧಾರವನ್ನು ಪ್ರಕಟಿಸಿತು.

ನಿಲ್ದಾಣಗಳ ಅಂತರ ಮತ್ತು ಸ್ಥಾನ

ನಿಲ್ದಾಣವು ತನ್ನ ಅಂಗಡಿಯ ಎದುರಿಗೇ ಇರಬೇಕೆಂಬುದು ಎಲ್ಲ ಊರುಗಳ ವರ್ತಕರ ಬೇಡಿಕೆಯೂ ಹೌದು. ಎಲ್ಲರ ಬೇಡಿಕೆಯನ್ನೂ ಪೂರೈಸಿದರೆ ಆಗುವ ಪರಿಣಾಮವನ್ನು ಮೇಲಿನ ಉದಾಹರಣೆಯಲ್ಲಿಯೇ ನೋಡಬಹುದು. 9 ಕಿಲೋಮೀಟರಿನ ಮಾರ್ಗದಲ್ಲಿ 400 ಮೀಟರಿಗೊಂದರಂತೆ ಸುಮಾರು 22 ನಿಲ್ದಾಣಗಳಿದ್ದದ್ದು 250 ಮೀಟರಿಗೊಂದಾದರೆ ಸುಮಾರು 36 ಆಗುತ್ತವೆ. ವೇಗ ತಗ್ಗಿಸಿ, ನಿಂತು, ಮತ್ತೆ ವೇಗ ಪಡೆಯಲು ಪ್ರತಿ ನಿಲ್ದಾಣಕ್ಕೆ 30 ಸೆಕೆಂಡು ಹಿಡಿದರೆ, ಹೆಚ್ಚುವರಿ 14 ನಿಲ್ದಾಣಗಳಿಂದ ಒಂದು ದಿಕ್ಕಿಗೆ 7 ನಿಮಿಷ, ಹೋಗಿ ಬರಲು 14 ನಿಮಿಷ ಹೆಚ್ಚಾಗುತ್ತದೆ. ಏಳೂವರೆ ನಿಮಿಷದ ಅಂತರವನ್ನು ಉಳಿಸಿಕೊಳ್ಳಲು ಇನ್ನೂ ಎರಡು ಗಾಡಿಗಳು ಬೇಕು. ಇದರಿಂದ ದೊರೆಯುವ ಪ್ರಯೋಜನವೇನು? ಎರಡು ನಿಲ್ದಾಣಗಳ ಮಧ್ಯದಲ್ಲಿರುವವನಿಗೆ 200 ಮೀಟರ್ ಬದಲು 125 ಮೀಟರ್ ನಡಿಗೆ, ಅಂದರೆ ಸುಮಾರು ಒಂದು ನಿಮಿಷದ ಉಳಿತಾಯ. ಅದೇ ಕಾರಣಕ್ಕೆ ದೂರ ಪ್ರಯಾಣಿಸುವವನು ಏಳು ನಿಮಿಷ ಕಳೆದುಕೊಳ್ಳುತ್ತಾನೆ.

ನಿಲ್ದಾಣ ಎಲ್ಲಿರಬೇಕೆಂಬುದನ್ನು ಜ್ಯೂರಿಕ್ ಪ್ರಾಂತ್ಯದಲ್ಲಿ ಶಿಫಾರಸಿನ ಬಲಕ್ಕೆ ಬಿಟ್ಟಿಲ್ಲ. ನಿವಾಸಿಗಳು, ಉದ್ಯೋಗಗಳು ಮತ್ತು ವಿದ್ಯಾರ್ಥಿ ಸ್ಥಾನಗಳು ಸೇರಿ ಕನಿಷ್ಠ 300 ಇರುವ ವಸತಿ ಪ್ರದೇಶಕ್ಕೆ ಸಾರಿಗೆ ಸೌಲಭ್ಯ ಒದಗಿಸಬೇಕೆಂಬ ನಿಯಮವಿದೆ. ಟ್ರಾಮ್ ಮತ್ತು ಬಸ್ ನಿಲ್ದಾಣದ ವ್ಯಾಪ್ತಿಯನ್ನು ನೇರ ಅಳತೆಯಲ್ಲಿ 400 ಮೀಟರ್ ಎಂದೂ ರೈಲು ನಿಲ್ದಾಣದ ವ್ಯಾಪ್ತಿಯನ್ನು 750 ಮೀಟರ್ ಎಂದೂ ಅದೇ ನಿಯಮ ಗೊತ್ತುಪಡಿಸಿದೆ. ಈ ಲೆಕ್ಕದಲ್ಲಿ ನಿವಾಸಿಗಳ ಜೊತೆಗೆ ಉದ್ಯೋಗಗಳನ್ನೂ ಎಣಿಸುತ್ತಾರೆ ಎಂಬುದು ಕೈಗಾರಿಕೋದ್ಯಮಿಗಳು ಗಮನಿಸಬೇಕಾದ ಅಂಶ. ಕಾರ್ಖಾನೆಯಿರುವ ಪ್ರದೇಶಕ್ಕೆ ಸಾರಿಗೆ ಬೇಕೆನ್ನಲು ಅಲ್ಲಿ ಮನೆಗಳಿರಲೇಬೇಕೆಂದಿಲ್ಲ.

ನಿಲ್ದಾಣವು ಕೂಡುರಸ್ತೆಗಿಂತ ಮೊದಲು ಇರಬೇಕೋ ನಂತರ ಇರಬೇಕೋ ಎಂಬುದೂ ಮುಖ್ಯ. ಜನ ಹತ್ತಿ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಮೊದಲೇ ಹೇಳಲಾಗದು. ನಿಲ್ದಾಣವು ಸಿಗ್ನಲ್‌ಗಿಂತ ಮೊದಲಿದ್ದರೆ ಟ್ರಾಮ್‌ಗಾಗಿ ಹತ್ತಿದ ಹಸಿರು ದೀಪವು ಅದು ಹೊರಡುವ ಮುನ್ನವೇ ಆರಿಹೋಗುವ ಸಂಭವವಿದೆ. ಸಿಗ್ನಲ್ ದಾಟಿದ ಮೇಲೆ ನಿಲ್ದಾಣವಿದ್ದರೆ ಈ ತೊಂದರೆಯಿರುವುದಿಲ್ಲ. ಇಕ್ಕಟ್ಟಾದ ರಸ್ತೆಗಳಲ್ಲಿ ಇನ್ನೊಂದು ಉಪಾಯವಿದೆ: ಟ್ರಾಮ್ ನಿಂತಿರುವಷ್ಟು ಹೊತ್ತು ಅದರ ಹಿಂದಿನ ವಾಹನಗಳನ್ನು ಒಂದು ಕೆಂಪು ದೀಪ ತಡೆಹಿಡಿಯುತ್ತದೆ, ಪ್ರಯಾಣಿಕರು ನಿರ್ಭಯವಾಗಿ ರಸ್ತೆ ದಾಟಿ ಹತ್ತುತ್ತಾರೆ. ಪ್ರತ್ಯೇಕ ಕಟ್ಟೆ ಕಟ್ಟಲು ಜಾಗವಿಲ್ಲದಿದ್ದರೂ ಸುರಕ್ಷತೆಗೆ ಕೊರತೆಯಾಗುವುದಿಲ್ಲ.

ನಿಲ್ದಾಣದಲ್ಲಿ ತಗಲುವ ಕಾಲವನ್ನು ತಗ್ಗಿಸಲು ಟಿಕೆಟ್ ವ್ಯವಹಾರವನ್ನು ಗಾಡಿಯಿಂದ ಹೊರಗೆ ತರಲಾಗಿದೆ. ನಿಲ್ದಾಣದ ಯಂತ್ರದಲ್ಲಿ ಟಿಕೆಟ್ ಪಡೆದು ಅಥವಾ ಪಾಸ್ ಇಟ್ಟುಕೊಂಡು ಪ್ರಯಾಣಿಕರು ಎಲ್ಲ ಬಾಗಿಲುಗಳಿಂದಲೂ ಹತ್ತಬಹುದು. ಕಂಡಕ್ಟರ್ ಇಲ್ಲ, ಚಾಲಕನು ಹಣ ಮುಟ್ಟುವುದಿಲ್ಲ, ತಪಾಸಣೆಗಾರರು ಆಗಾಗ ಬಂದು ಪರೀಕ್ಷಿಸಿ ಟಿಕೆಟ್ ಇಲ್ಲದವರಿಗೆ ದಂಡ ವಿಧಿಸುತ್ತಾರೆ. ಕೆಲವರು ಹಣ ಕೊಡದೆ ಪ್ರಯಾಣಿಸಬಹುದೆಂಬ ನಷ್ಟವನ್ನು ಪ್ರತಿ ನಿಲ್ದಾಣದಲ್ಲೂ ಉಳಿಯುವ ಕಾಲದೊಂದಿಗೆ ತೂಗಿ ನೋಡಿ ಕೈಗೊಂಡ ವ್ಯವಹಾರಿಕ ನಿರ್ಧಾರವಿದು.

ವೇಳಾಪಟ್ಟಿ ಏಳೂವರೆಗೇ ಏಕೆ?

ಹಗಲಿನ ವೇಳೆ ಜ್ಯೂರಿಕ್ಕಿನ ಬಹುತೇಕ ಟ್ರಾಮ್ ಮಾರ್ಗಗಳಲ್ಲಿ ಏಳೂವರೆ ನಿಮಿಷಕ್ಕೊಂದು ಗಾಡಿ ಬರುತ್ತದೆ. ಈ ಅಂಕಿಯನ್ನು ಮನಬಂದಂತೆ ಆರಿಸಿದ್ದಲ್ಲ. ಅರವತ್ತನ್ನು ಏಳೂವರೆಯಿಂದ ಭಾಗಿಸಿದರೆ ಎಂಟು ಬರುತ್ತದೆ. ಹದಿನೈದು ನಿಮಿಷಕ್ಕೆ ಎರಡು, ಅರ್ಧ ಗಂಟೆಗೆ ನಾಲ್ಕು, ಗಂಟೆಗೆ ಎಂಟು ಗಾಡಿಗಳು. ಆದ್ದರಿಂದ ಒಂದು ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಯಾವ ನಿಮಿಷಗಳಲ್ಲಿ ಗಾಡಿ ಬರುವುದೋ ಹತ್ತರ ನಂತರವೂ ಹನ್ನೊಂದರ ನಂತರವೂ ಅದೇ ನಿಮಿಷಗಳಲ್ಲಿ ಬರುತ್ತದೆ. ಪ್ರಯಾಣಿಕನು ವೇಳಾಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

1990ರ ಮೇ 27ರಂದು ಉಪನಗರ ರೈಲು ಸೇವೆ ಆರಂಭವಾಯಿತು. ಇದಕ್ಕೆ 1981ರಲ್ಲಿಯೇ ಮತದಾರರು ಒಪ್ಪಿಗೆ ನೀಡಿದ್ದರು. ಈ ರೈಲುಗಳು ಅರ್ಧ ಗಂಟೆ ಅಥವಾ ಕಾಲು ಗಂಟೆಯ ಕ್ರಮದಲ್ಲಿ ಓಡುತ್ತವೆ. ಏಳೂವರೆಯು ಹದಿನೈದರ ಅರ್ಧ, ಮೂವತ್ತರ ಕಾಲು ಭಾಗ. ಹೀಗಾಗಿ ರೈಲಿಳಿದವನಿಗೆ ಟ್ರಾಮ್ ಒಂದು ಸಲ ಹೊಂದಿಕೊಂಡರೆ ದಿನವಿಡೀ ಹೊಂದಿಕೊಳ್ಳುತ್ತದೆ. ಅಂತರವನ್ನು ಎಂಟು ನಿಮಿಷಕ್ಕಿಂತ ತುಸು ಹೆಚ್ಚಿಸಿದರೆ ಈ ಹೊಂದಾಣಿಕೆ ತಪ್ಪಿಹೋಗುತ್ತದೆ. ಒಂದು ಗಂಟೆ ಸಿಗುವ ಸಂಪರ್ಕ ಮರುಗಂಟೆ ಸಿಗುವುದಿಲ್ಲ. ಬಿಡಿಭಾಗವೊಂದರ ಅಳತೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಜೋಡಣೆಯ ಹಂತದಲ್ಲಿ ಕೂರುವುದಿಲ್ಲವೆಂಬುದನ್ನು ಉತ್ಪಾದಕರಾದ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಹಣ ಕೊಡುವವರು ಯಾರು?

ಟ್ರಾಮ್‌ಗಳನ್ನು ಓಡಿಸುವುದು ವಿ.ಬಿ.ಜೆಡ್. ಎಂಬ ನಗರ ಸಾರಿಗೆ ಸಂಸ್ಥೆ. ಪ್ರಾಂತ್ಯದ ಎಲ್ಲ ರೈಲು, ಟ್ರಾಮ್, ಬಸ್ ಮತ್ತು ದೋಣಿ ಸೇವೆಗಳನ್ನು ಒಗ್ಗೂಡಿಸುವುದು ಜ್ಯೂರಿಕ್ ಸಾರಿಗೆ ಒಕ್ಕೂಟ. 1988ರಲ್ಲಿ ಜನಮತದಿಂದ ಅಂಗೀಕೃತವಾದ ಕಾನೂನಿನ ಮೇರೆಗೆ ಸ್ಥಾಪಿತವಾದ ಈ ಒಕ್ಕೂಟವು ಉಪನಗರ ರೈಲು ಆರಂಭವಾದ ದಿನದಿಂದಲೇ ಕಾರ್ಯಾರಂಭ ಮಾಡಿತು. ಒಕ್ಕೂಟವು ತಾನಾಗಿ ಗಾಡಿ ಓಡಿಸುವುದಿಲ್ಲ. ಸೇವೆಯನ್ನು ಸಂಸ್ಥೆಗಳಿಂದ ಪಡೆದು, ದರ ನಿಗದಿ ಮಾಡಿ, ಆದಾಯ ಮತ್ತು ಕೊರತೆಯ ಲೆಕ್ಕ ಇಡುತ್ತದೆ. ವಲಯಕ್ಕೆ ತಕ್ಕಂತೆ ಪಡೆದ ಒಂದೇ ಟಿಕೆಟ್ ಎಲ್ಲ ಬಗೆಯ ಗಾಡಿಗಳಲ್ಲೂ ಸಲ್ಲುತ್ತದೆ.

ಸಾಮಾನ್ಯ ವರ್ಷಗಳಲ್ಲಿ ವೆಚ್ಚದ ಅರ್ಧಕ್ಕಿಂತ ಹೆಚ್ಚು ಭಾಗ ಒಕ್ಕೂಟದ ಸ್ವಂತ ಆದಾಯದಿಂದಲೇ ಬರುತ್ತದೆ. ಉಳಿದ ಕೊರತೆಯನ್ನು ಪ್ರಾಂತ್ಯ ಸರ್ಕಾರವು ಅರ್ಧ, ಅಲ್ಲಿಯ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಅರ್ಧ ಭರಿಸುತ್ತವೆ. ಸ್ಥಳೀಯ ಸಂಸ್ಥೆಗಳ ಪಾಲನ್ನು ಹಂಚುವ ಸೂತ್ರವು ಲೆಕ್ಕಪರಿಶೋಧಕರ ಆಸಕ್ತಿಯನ್ನು ಕೆರಳಿಸುವಂತಹುದು. ಶೇಕಡಾ 80 ಭಾಗವನ್ನು ಆ ಊರಿಗೆ ದೊರೆಯುವ ಸಾರಿಗೆ ಸೇವೆಯ ಪ್ರಮಾಣದ ಮೇಲೆ, ಅಂದರೆ ಅಲ್ಲಿಯ ನಿಲ್ದಾಣಗಳಿಂದ ಎಷ್ಟು ಗಾಡಿಗಳು ಹೊರಡುತ್ತವೆ ಎಂಬುದರ ಮೇಲೆ ಹಂಚಲಾಗುತ್ತದೆ. ಶೇಕಡಾ 20 ಭಾಗವನ್ನು ಆ ಊರಿನ ತೆರಿಗೆ ಸಾಮರ್ಥ್ಯದ ಮೇಲೆ ಹಂಚಲಾಗುತ್ತದೆ.

ಜಂಟಿ ವೆಚ್ಚಗಳನ್ನು ವಿಭಾಗಗಳಿಗೆ ಹಂಚುವಾಗ ಬಳಕೆಯ ಪ್ರಮಾಣವನ್ನು ಆಧಾರವಾಗಿ ಇಟ್ಟುಕೊಳ್ಳುವ ನಮ್ಮ ಪರಿಪಾಠವೇ ಇದು. ಇದರ ಪರಿಣಾಮವಾಗಿ ಹೆಚ್ಚು ನಿಲ್ದಾಣ, ಹೆಚ್ಚು ಗಾಡಿ ಬೇಕೆಂದು ಕೇಳುವ ಊರು ತನ್ನ ಪಾಲು ಎಷ್ಟು ಹೆಚ್ಚುವುದೆಂಬುದನ್ನೂ ಯೋಚಿಸಬೇಕಾಗುತ್ತದೆ. ತೆರಿಗೆ ಸಾಮರ್ಥ್ಯವನ್ನು ಸೇರಿಸಿರುವುದರಿಂದ ಬಡ ಊರಿನ ಮೇಲೆ ಅತಿಯಾದ ಹೊರೆ ಬೀಳುವುದೂ ತಪ್ಪುತ್ತದೆ. ವೇಳಾಪಟ್ಟಿಯ ಕರಡನ್ನು ಎರಡು ವರ್ಷಗಳ ಅವಧಿಗೆ ಸಿದ್ಧಪಡಿಸಿ ಸಾರ್ವಜನಿಕರ ಮುಂದಿಡಲಾಗುತ್ತದೆ. ನಾಗರಿಕರು ತಮ್ಮ ಸಲಹೆಗಳನ್ನು ಸ್ಥಳೀಯ ಸಂಸ್ಥೆಯ ಮೂಲಕ ಸಲ್ಲಿಸಬಹುದು. ಬೇಡಿಕೆ ಸಲ್ಲಿಸುವ ಊರೇ ಹಣ ಕೊಡುವ ಊರೂ ಆಗಿರುವುದರಿಂದ ಬೇಡಿಕೆಗಳು ಸಹಜವಾಗಿಯೇ ಮಿತಿಯಲ್ಲಿರುತ್ತವೆ.

ವರ್ತಕರ ಆತಂಕ

ಅಂಗಡಿಯ ಎದುರು ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವನೇ ಎಂಬ ಆತಂಕ ಜ್ಯೂರಿಕ್ಕಿನ ವರ್ತಕರಿಗೂ ಇತ್ತು. ಅದು ನಿರಾಧಾರವೆಂದು ಅಲ್ಲಿಯ ಆಡಳಿತ ತಳ್ಳಿಹಾಕಲಿಲ್ಲ. ದೀರ್ಘ ವಾದವಿವಾದಗಳ ನಂತರ 1996ರಲ್ಲಿ ನಗರಸಭೆಯ ಎಡ ಮತ್ತು ಬಲ ಪಕ್ಷಗಳ ನಡುವೆ ಒಂದು ರಾಜಿ ಏರ್ಪಟ್ಟಿತು. ನಗರದ ಮಧ್ಯಭಾಗದಲ್ಲಿ ಸಾರ್ವಜನಿಕ ಪಾರ್ಕಿಂಗ್ ಸ್ಥಳಗಳ ಸಂಖ್ಯೆಯನ್ನು 1990ರಲ್ಲಿದ್ದ ಮಟ್ಟದಲ್ಲಿ ಉಳಿಸಿಕೊಳ್ಳುವುದು, ನೆಲದಡಿಯಲ್ಲಿ ಹೊಸ ಸ್ಥಳ ನಿರ್ಮಿಸಿದಷ್ಟೂ ರಸ್ತೆಯ ಮೇಲಿನ ಸ್ಥಳಗಳನ್ನು ತೆರವುಗೊಳಿಸುವುದು ಅದರ ಸಾರಾಂಶ. ವರ್ತಕರಿಗೆ ಪಾರ್ಕಿಂಗ್ ಸ್ಥಳದ ಭರವಸೆ ದೊರೆಯಿತು. ಟ್ರಾಮ್‌ಗೂ ನಡೆಯುವವರಿಗೂ ರಸ್ತೆ ಬಿಡುವಾಯಿತು.

ಮುಖ್ಯ ರೈಲು ನಿಲ್ದಾಣದಿಂದ ಸರೋವರದ ದಡದವರೆಗೆ ಸುಮಾರು 1.4 ಕಿಲೋಮೀಟರ್ ಉದ್ದವಿರುವ ಬಾನ್‌ಹೋಫ್‌ಸ್ಟ್ರಾಸೆ ಎಂಬ ಬೀದಿಯು ಜಗತ್ತಿನ ಅತ್ಯಂತ ದುಬಾರಿ ವ್ಯಾಪಾರಿ ಬೀದಿಗಳಲ್ಲಿ ಒಂದೆಂದು ಹೆಸರಾಗಿದೆ. ಅದರ ಬಹುಭಾಗದಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಹಲವು ಟ್ರಾಮ್ ಮಾರ್ಗಗಳು ಆ ಬೀದಿಯ ನಡುವೆಯೇ ಹಾದುಹೋಗುತ್ತವೆ; ಬ್ಯಾಂಕುಗಳ ಕೇಂದ್ರವಾದ ಪರಾಡೆಪ್ಲಾಟ್ಸ್ ಚೌಕದಲ್ಲಿ ಅನೇಕ ಮಾರ್ಗಗಳು ಕೂಡುತ್ತವೆ. ಬೇರೆ ಬೇರೆ ಬಡಾವಣೆಗಳ ಜನರನ್ನು ದಿನವಿಡೀ ಅಂಗಡಿಯ ಬಾಗಿಲಿಗೆ ತಂದು ಇಳಿಸುವ ಗಾಡಿಯು ಪಾರ್ಕಿಂಗ್‌ಗೆ ಜಾಗವನ್ನು ಕೇಳುವುದಿಲ್ಲ.

ಹಳಿಯೆಂಬ ಸ್ಥಿರಾಸ್ತಿಯನ್ನು ಇತರ ಕೆಲಸಕ್ಕೂ ಬಳಸಿಕೊಳ್ಳುವ ಪ್ರಯತ್ನ ಅಲ್ಲಿ ನಡೆಯಿತು. ಮನೆಗಳ ಹಳೆಯ ಪೀಠೋಪಕರಣಗಳಂತಹ ದೊಡ್ಡ ತ್ಯಾಜ್ಯವನ್ನು ಸಂಗ್ರಹಿಸಲು 2003ರಲ್ಲಿ ಸರಕು ಟ್ರಾಮ್ ಆರಂಭಿಸಲಾಯಿತು. 2006ರಲ್ಲಿ ವಿದ್ಯುನ್ಮಾನ ತ್ಯಾಜ್ಯಕ್ಕಾಗಿ ಇನ್ನೊಂದು ಸೇರಿತು.

ಇತ್ತೀಚಿನ ತೊಡಕುಗಳು

ಈ ವ್ಯವಸ್ಥೆಯಲ್ಲಿ ಲೋಪಗಳೇ ಇಲ್ಲವೆಂದಲ್ಲ. ಅಂಗವಿಕಲರ ಸಮಾನತೆಗಾಗಿ 2004ರ ಜನವರಿ 1ರಂದು ಜಾರಿಗೆ ಬಂದ ಕಾನೂನು, ಎಲ್ಲ ನಿಲ್ದಾಣಗಳನ್ನೂ ಇಪ್ಪತ್ತು ವರ್ಷಗಳೊಳಗೆ, ಅಂದರೆ 2023ರ ಅಂತ್ಯದೊಳಗೆ, ಗಾಲಿಕುರ್ಚಿಯವರೂ ನಿರಾಯಾಸವಾಗಿ ಬಳಸುವಂತೆ ಮಾರ್ಪಡಿಸಲು ಗಡುವು ನೀಡಿತ್ತು. ಗಡುವಿನ ದಿನಕ್ಕೆ ದೇಶದಾದ್ಯಂತ ಅನೇಕ ನಿಲ್ದಾಣಗಳ ಕಾಮಗಾರಿ ಬಾಕಿಯಿತ್ತು. 2023ರಲ್ಲಿ ಚಾಲಕರ ಕೊರತೆಯಿಂದಾಗಿ ಕೆಲವು ಸೇವೆಗಳನ್ನು ಕಡಿತಗೊಳಿಸಬೇಕಾಯಿತು. ಗಾಡಿಯಿದ್ದೂ ಹಳಿಯಿದ್ದೂ ಕೈಗಳಿಲ್ಲದಿದ್ದರೆ ವೇಳಾಪಟ್ಟಿ ನಿಲ್ಲುವುದಿಲ್ಲ.

ಇವೆಲ್ಲಕ್ಕಿಂತ ತೀಕ್ಷ್ಣವಾದ ವಿವಾದವು ವೇಗಮಿತಿಯದು. ವಾಹನಗಳ ಶಬ್ದದಿಂದ ನಿವಾಸಿಗಳನ್ನು ರಕ್ಷಿಸಲು ಗಂಟೆಗೆ 30 ಕಿಲೋಮೀಟರ್ ಮಿತಿಯನ್ನು ಇನ್ನೂ ಅನೇಕ ರಸ್ತೆಗಳಿಗೆ ವಿಸ್ತರಿಸುವ ಯೋಜನೆಯನ್ನು ನಗರಾಡಳಿತವು 2021ರಲ್ಲಿ ಪ್ರಕಟಿಸಿತು. ಟ್ರಾಮ್ ಮತ್ತು ಬಸ್ಸುಗಳಿಗೂ ಇದು ಅನ್ವಯವಾದರೆ ಸುತ್ತಿನ ಕಾಲ ಹೆಚ್ಚಿ, ಅದೇ ಸೇವೆಗೆ ಹೆಚ್ಚು ಗಾಡಿಗಳೂ ಹೆಚ್ಚು ಚಾಲಕರೂ ಬೇಕಾಗುವರೆಂದು ಸಾರಿಗೆ ಸಂಸ್ಥೆ ಎಚ್ಚರಿಸಿತು. ನೆಮ್ಮದಿಯ ನಿದ್ರೆಯೂ ಸಾರ್ವಜನಿಕ ಹಿತವೇ, ಶೀಘ್ರ ಸಾರಿಗೆಯೂ ಸಾರ್ವಜನಿಕ ಹಿತವೇ. ಯಾವುದಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ಲೆಕ್ಕವು ತಿಳಿಸಬಲ್ಲದು; ಆಯ್ಕೆಯನ್ನು ಮಾತ್ರ ನಾಗರಿಕರೇ ಮಾಡಬೇಕು.

ಪರಿಶೀಲಿಸಬೇಕಾದ ಅಂಶಗಳು

ನಗರ ಸಾರಿಗೆಯ ಯಾವುದೇ ಯೋಜನೆಯ ಬಗ್ಗೆ ಅಭಿಪ್ರಾಯ ನೀಡುವ ಸಂದರ್ಭ ಬಂದಾಗ, ಅದು ಟ್ರಾಮ್ ಆಗಿರಲಿ ಬಸ್ ಆಗಿರಲಿ, ವಾಣಿಜ್ಯೋದ್ಯಮಿಗಳು ಈ ಕೆಳಗಿನ ವಿವರಗಳನ್ನು ಮೊದಲು ಕೇಳಿ ಪಡೆಯುವುದು ಸೂಕ್ತ.

1. ಒಂದು ಗಾಡಿಯು ಹೊರಟು ಮರಳಿ ಹೊರಡಲು ಈಗ ಎಷ್ಟು ನಿಮಿಷ ಹಿಡಿಯುತ್ತದೆ? ಅದರಲ್ಲಿ ಓಡುವ ಕಾಲವೆಷ್ಟು, ಸಿಗ್ನಲ್‌ನಲ್ಲಿ ನಿಲ್ಲುವ ಕಾಲವೆಷ್ಟು, ನಿಲ್ದಾಣದಲ್ಲಿ ನಿಲ್ಲುವ ಕಾಲವೆಷ್ಟು?

2. ಹೊಸ ಗಾಡಿಗಳಿಗೆ ಕೇಳುತ್ತಿರುವ ಹಣದ ಒಂದು ಭಾಗವನ್ನು ಈ ಕಾಲ ತಗ್ಗಿಸಲು ತೊಡಗಿಸಿದರೆ ಎಷ್ಟು ಗಾಡಿಗಳು ಉಳಿಯುತ್ತವೆ?

3. ನಿಲ್ದಾಣಗಳನ್ನು ಯಾವ ನಿಯಮದ ಮೇಲೆ ನಿರ್ಧರಿಸಲಾಗಿದೆ? ಉದ್ಯೋಗ ಸ್ಥಳಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆಯೇ?

4. ಕೊರತೆಯನ್ನು ಯಾರು, ಯಾವ ಸೂತ್ರದ ಮೇಲೆ ಭರಿಸುತ್ತಾರೆ? ಸೇವೆ ಕೇಳುವವರಿಗೂ ಹಣ ಕೊಡುವವರಿಗೂ ಸಂಬಂಧವಿದೆಯೇ?

5. ಅಂಗಡಿಗಳ ಎದುರಿನ ವಾಹನ ನಿಲುಗಡೆಯನ್ನು ತೆರವುಗೊಳಿಸುವುದಾದರೆ ಅದಕ್ಕೆ ಪರ್ಯಾಯವೆಲ್ಲಿ, ಎಂದಿಗೆ ಸಿದ್ಧವಾಗುತ್ತದೆ?

ಈ ಪೈಕಿ ಮೊದಲ ಪ್ರಶ್ನೆಗೆ ಉತ್ತರ ಪಡೆಯಲು ಹೆಚ್ಚಿನ ಪರಿಣತಿ ಬೇಕಿಲ್ಲ. ಒಂದು ಗಡಿಯಾರ ಹಿಡಿದು, ನಿತ್ಯ ಓಡಾಡುವ ಮಾರ್ಗದ ಗಾಡಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕುಳಿತು, ಗಾಡಿ ನಿಂತಷ್ಟೂ ಹೊತ್ತನ್ನು ಬರೆದುಕೊಂಡರೆ ಸಾಕು.